ಐಸ್ ಮೇಕರ್ ಬದಲಾಯಿಸುವ ಮೊದಲು ತಾರಸಿಯ ಟ್ಯಾಂಕಿ ನೋಡಿ

ಫ್ರೀಜರಿನ ಮೇಲ್ಭಾಗದಲ್ಲಿ, ಹಿಂದಿನ ಗೋಡೆಯಿಂದ ಕಿರುಬೆರಳು ದಪ್ಪದ ಒಂದು ಬಿಳಿ ಪೈಪು ಹೊರಗೆ ಬಂದಿರುತ್ತದೆ. ಐಸ್ ಮೇಕರಿಗೆ, ಅಂದರೆ ಫ್ರೀಜರಿನೊಳಗೆ ತಾನೇ ಐಸು ಮಾಡಿ ಪೆಟ್ಟಿಗೆಗೆ ಹಾಕುವ ಯಂತ್ರಕ್ಕೆ, ನೀರು ಬೀಳುವುದು ಅದರಿಂದ. ಏಪ್ರಿಲಿನ ಸೆಕೆಯಲ್ಲಿ ನಮ್ಮ ಫ್ರಿಡ್ಜ್ ಐಸು ಕೊಡುವುದನ್ನು ನಿಲ್ಲಿಸಿದಾಗ ಟಾರ್ಚ್ ಹಾಕಿ ನೋಡಿದೆ. ಪೈಪಿನ ಬಾಯಲ್ಲಿ ಮಲ್ಲಿಗೆ ಮೊಗ್ಗಿನಷ್ಟು ಐಸು ಬಿಗಿಯಾಗಿ ಕೂತಿತ್ತು. ಕರಗಿಸಿದೆ, ಎರಡು ದಿನ ಐಸು ಬಂತು. ಮೂರನೆಯ ದಿನ ಅದೇ ಜಾಗದಲ್ಲಿ ಅದೇ ಮೊಗ್ಗು. ಹೀಗೆ ಮೂರು ಸಲ ಆಯಿತು.

ನಮ್ಮದು ಉಡುಪಿಯ ಕುಂಜಿಬೆಟ್ಟಿನಲ್ಲಿ ಒಂದಂತಸ್ತಿನ ಮನೆ. ಫ್ರಿಡ್ಜ್ ಭಾವ ದುಬೈಯಿಂದ ಊರಿಗೆ ಬರುವಾಗ ಸಾಮಾನಿನ ಜೊತೆ ಕಳಿಸಿದ್ದು, ಎರಡು ಬಾಗಿಲಿನದ್ದು, ನೀರಿನ ಪೈಪು ನೇರವಾಗಿ ಜೋಡಿಸುವಂಥದ್ದು. ರಿಪೇರಿಗೆ ಬಂದವರು ಐದು ನಿಮಿಷ ನೋಡಿ, ಐಸ್ ಮೇಕರಿನ ಇಡೀ ಸೆಟ್ಟೇ ಹೋಗಿದೆ, ಹೊಸದು ತರಿಸಬೇಕು ಅಂದರು. ಅವರು ಹೋದ ಮೇಲೆ ಅಮ್ಮ ಹೇಳಿದ್ದು ಒಂದೇ ಮಾತು: "ಅದಕ್ಕೆ ನೀರೇ ಸರಿ ಸಿಗುವುದಿಲ್ಲವೋ ಏನೋ ಮಾರಾಯ. ನಮ್ಮ ಬಾತ್‌ರೂಮಿನ ಶವರ್ ನೋಡು, ತಲೆ ಒದ್ದೆ ಆಗಬೇಕಾದರೆ ಐದು ನಿಮಿಷ ಬೇಕು."

ಅಮ್ಮ ಹೇಳಿದ್ದೇ ಸರಿಯಾಗಿತ್ತು. ಅದು ಯಾಕೆ ಸರಿ ಎಂದು ತಿಳಿಯಬೇಕಾದರೆ ಈ ಯಂತ್ರ ಒಳಗೆ ಏನು ಮಾಡುತ್ತದೆ ಎಂದು ಮೊದಲು ನೋಡಬೇಕು.

ಒಂದಾದ ಮೇಲೆ ಒಂದಕ್ಕೆ ಕಾದು ಕೂರುವ ಯಂತ್ರ

ಐಸ್ ಮೇಕರಿನ ಕೆಲಸ ಪೂರ್ತಿ ಕಾಯುವುದರಲ್ಲೇ ನಡೆಯುತ್ತದೆ. ಫ್ರಿಡ್ಜಿನ ಹಿಂಭಾಗದಲ್ಲಿ, ಕೆಳಗೆ, ವಿದ್ಯುತ್ತಿನಿಂದ ತೆರೆಯುವ ಒಂದು ವಾಲ್ವ್ ಇದೆ. ಅದು ಕೆಲವು ಸೆಕೆಂಡು ತೆರೆದು ಮುಚ್ಚುತ್ತದೆ. ಅಷ್ಟರಲ್ಲಿ ಬಂದ ನೀರು ಸಣ್ಣ ಪೈಪಿನಲ್ಲಿ ಮೇಲೇರಿ ಅಚ್ಚಿಗೆ ಬೀಳುತ್ತದೆ. ಹಳೆಯ, ತುಂಬ ಬಳಕೆಯಲ್ಲಿರುವ ಅಲ್ಯೂಮಿನಿಯಂ ಅಚ್ಚಿನ ಮಾದರಿಯಲ್ಲಿ ವಾಲ್ವ್ ಸುಮಾರು ಏಳೂವರೆ ಸೆಕೆಂಡು ತೆರೆದಿರುತ್ತದೆ, ಬರುವ ನೀರು ಹತ್ತಿರ ಹತ್ತಿರ 140 ಮಿಲಿ. ಆಮೇಲೆ ಯಂತ್ರ ಸುಮ್ಮನೆ ಕೂರುತ್ತದೆ. ಅಚ್ಚಿಗೆ ತಾಗಿಕೊಂಡಿರುವ ಥರ್ಮೋಸ್ಟಾಟ್ ಸುಮಾರು ಮೈನಸ್ 9 ಡಿಗ್ರಿ ಮುಟ್ಟುವವರೆಗೆ ಅಲ್ಲಿ ಏನೂ ಆಗುವುದಿಲ್ಲ. ಮುಟ್ಟಿದ ಕೂಡಲೇ ಅಚ್ಚಿನ ಅಡಿಯಲ್ಲಿರುವ ಹೀಟರ್ ಆನ್ ಆಗುತ್ತದೆ.

ಐಸು ಮಾಡುವ ಯಂತ್ರದಲ್ಲಿ ಬಿಸಿ ಮಾಡುವ ಹೀಟರ್ ಯಾಕೆ ಎಂದು ಕೇಳುವವರು ಒಮ್ಮೆ ಮಲ್ಪೆಯ ಐಸ್ ಪ್ಲಾಂಟಿಗೆ ಹೋಗಿ ನಿಂತರೆ ಸಾಕು. ಅಲ್ಲಿ ತಗಡಿನ ಉದ್ದ ಡಬ್ಬಿಗಳಲ್ಲಿ ನೀರು ತುಂಬಿ, ಕೊರೆಯುವ ಉಪ್ಪುನೀರಿನ ತೊಟ್ಟಿಯೊಳಗೆ ಇಳಿಸಿ ದೊಡ್ಡ ದೊಡ್ಡ ಗಡ್ಡೆ ಮಾಡುತ್ತಾರೆ. ಗಡ್ಡೆ ಆದ ಮೇಲೆ ಡಬ್ಬಿಯನ್ನು ಮೇಲೆತ್ತಿ ಬಗ್ಗಿಸಿದರೆ ಅದು ಜಾರುವುದಿಲ್ಲ, ತಗಡಿಗೆ ಕಚ್ಚಿಕೊಂಡಿರುತ್ತದೆ. ಡಬ್ಬಿಯನ್ನು ಸಾದಾ ನೀರಿನ ತೊಟ್ಟಿಯಲ್ಲಿ ಸ್ವಲ್ಪ ಹೊತ್ತು ಮುಳುಗಿಸುತ್ತಾರೆ. ತಗಡಿಗೆ ಅಂಟಿದ ತೆಳು ಪದರ ಮಾತ್ರ ಕರಗುತ್ತದೆ, ಆಮೇಲೆ ಬಗ್ಗಿಸಿದರೆ ಗಡ್ಡೆ ಸರ್ರನೆ ಹೊರಗೆ. ನಿಮ್ಮ ಫ್ರೀಜರಿನ ಹೀಟರ್ ಮಾಡುವುದೂ ಅಷ್ಟೇ ಕೆಲಸ. ಅಂಚು ಕರಗಿದ ಮೇಲೆ ಮೋಟಾರು ತಿರುಗಿ, ಬೆರಳಿನಂಥ ಕಡ್ಡಿಗಳು ತುಂಡುಗಳನ್ನು ಎತ್ತಿ ಕೆಳಗಿನ ಪೆಟ್ಟಿಗೆಗೆ ಹಾಕುತ್ತವೆ. ಆ ಸುತ್ತು ಮುಗಿಯುವ ಹೊತ್ತಿಗೆ ವಾಲ್ವ್ ಮತ್ತೆ ತೆರೆದು ನೀರು ಬರುತ್ತದೆ. ಪೆಟ್ಟಿಗೆ ತುಂಬಿದೆಯೇ ಎಂದು ತಿಳಿಸುವುದಕ್ಕೆ ಪಕ್ಕದಲ್ಲಿ ಒಂದು ತಂತಿಯ ಕೈ ಇದೆ. ಐಸಿನ ರಾಶಿ ಅದನ್ನು ಎತ್ತಿ ಹಿಡಿದರೆ ಎಲ್ಲವೂ ನಿಲ್ಲುತ್ತದೆ.

ಈಗಿನ ಬಹಳಷ್ಟು ಫ್ರಿಡ್ಜ್‌ಗಳಲ್ಲಿ ಹೀಟರ್ ಇಲ್ಲ. ಪ್ಲಾಸ್ಟಿಕ್ ಟ್ರೇಯನ್ನು ಮೋಟಾರು ತಲೆಕೆಳಗೆ ಮಾಡಿ, ನಾವು ಕೈಯಲ್ಲಿ ಟ್ರೇ ಹಿಂಡುವ ಹಾಗೆ ತಿರುಚುತ್ತದೆ. ಟ್ರೇಯ ಅಡಿಯಲ್ಲಿರುವ ಚಿಕ್ಕ ಸೆನ್ಸರ್ ನೀರು ಗಟ್ಟಿಯಾಯಿತೇ ಎಂದು ನೋಡುತ್ತದೆ. ಉಳಿದ ಕ್ರಮವೆಲ್ಲ ಅದೇ.

ಹಾಗಾಗಿ ಐಸು ಬರದೆ ಇದ್ದಾಗ ಕೇಳಬೇಕಾದದ್ದು ಯಂತ್ರ ಈಗ ಯಾವುದಕ್ಕಾಗಿ ಕಾಯುತ್ತಾ ಇದೆ ಎಂದು. ಅಚ್ಚು ಒಣಗಿದೆಯೇ? ಹಾಗಾದರೆ ನೀರಿಗೆ ಕಾಯುತ್ತಿದೆ. ಅಚ್ಚಿನಲ್ಲಿ ನೀರು ನೀರಾಗಿಯೇ ಇದೆಯೇ? ಚಳಿಗೆ ಕಾಯುತ್ತಿದೆ. ಐಸಾಗಿದೆ, ಬೀಳುತ್ತಿಲ್ಲ ಅಂದರೆ ಥರ್ಮೋಸ್ಟಾಟ್, ಹೀಟರ್ ಅಥವಾ ಮೋಟಾರಿನ ಕಡೆ ನೋಡಬೇಕು. ಅಚ್ಚನ್ನು ಒಮ್ಮೆ ಕಣ್ಣಾರೆ ನೋಡಿದರೆ ಅರ್ಧ ರೋಗ ಅಲ್ಲಿಯೇ ಗೊತ್ತಾಗುತ್ತದೆ. ನನ್ನ ಅನುಭವದಲ್ಲಿ ಹೆಚ್ಚಿನವರು ಇದನ್ನೇ ನೋಡುವುದಿಲ್ಲ.

ನಮ್ಮ ಕಡೆಯ ಮುಖ್ಯ ಕಾಯಿಲೆ: ನೀರಿನ ಒತ್ತಡ

ಪೈಪು ಜೋಡಿಸುವ ಫ್ರಿಡ್ಜ್‌ಗಳ ಪುಸ್ತಕದಲ್ಲಿ ನೀರಿನ ಒತ್ತಡ ಸಾಮಾನ್ಯವಾಗಿ ಕನಿಷ್ಠ 20 ಪಿಎಸ್‌ಐ ಇರಬೇಕು ಎಂದು ಬರೆದಿರುತ್ತದೆ, ಅಂದರೆ ಸುಮಾರು 1.4 ಬಾರ್. ಕೆಲವು ಮಾದರಿಗಳಿಗೆ ಇನ್ನೂ ಹೆಚ್ಚು ಬೇಕು. ಊರಿನ ದೊಡ್ಡ ಕೊಳವೆಯಿಂದ ನೀರು ಒತ್ತಡದಲ್ಲೇ ನೇರವಾಗಿ ಅಡಿಗೆಮನೆಗೆ ಬರುವ ದೇಶಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮಾಡಿದ ಲೆಕ್ಕ ಅದು. ನಮ್ಮಲ್ಲಿ ಹಾಗಲ್ಲ. ಮಂಗಳೂರಿಗೆ ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ, ಉಡುಪಿಗೆ ಸ್ವರ್ಣಾ ನದಿಯ ಬಜೆಯಿಂದ ಬರುವ ನೀರು ಮೊದಲು ನೆಲದಡಿಯ ಸಂಪ್‌ಗೆ ಬೀಳುತ್ತದೆ, ಅಲ್ಲಿಂದ ಪಂಪು ಹಾಕಿ ತಾರಸಿಯ ಟ್ಯಾಂಕಿಗೆ. ಬಾವಿ ಇರುವ ಮನೆಯಲ್ಲಿ ಬಾವಿಯಿಂದ ಟ್ಯಾಂಕಿಗೆ. ನಲ್ಲಿಗೆ ಬರುವ ಒತ್ತಡ ಟ್ಯಾಂಕಿ ಎಷ್ಟು ಎತ್ತರದಲ್ಲಿದೆ ಅನ್ನುವುದರ ಮೇಲೆ ಮಾತ್ರ ನಿಂತಿದೆ.

ಲೆಕ್ಕ ಸುಲಭ. ಹತ್ತು ಮೀಟರ್ ಎತ್ತರದ ನೀರು ಹೆಚ್ಚುಕಡಿಮೆ ಒಂದು ಬಾರ್ ಒತ್ತಡ ಕೊಡುತ್ತದೆ. ಫ್ರಿಡ್ಜಿನ ವಾಲ್ವ್ ನೆಲದ ಹತ್ತಿರ ಇರುತ್ತದೆ. ನಮ್ಮ ಮನೆಯಲ್ಲಿ ಅಲ್ಲಿಂದ ಟ್ಯಾಂಕಿಯ ನೀರಿನ ಮಟ್ಟಕ್ಕೆ ಹಗ್ಗ ಇಳಿಬಿಟ್ಟು ಅಳೆದರೆ ಬಂದದ್ದು ನಾಲ್ಕೂವರೆ ಮೀಟರ್. ಅಂದರೆ 0.45 ಬಾರ್, ಬೇಕಾದುದರ ಮೂರನೇ ಒಂದು ಪಾಲು. 1.4 ಬಾರ್ ಸಿಗಬೇಕಾದರೆ ಟ್ಯಾಂಕಿ ಹದಿನಾಲ್ಕು ಮೀಟರ್ ಮೇಲಿರಬೇಕು. ತೆಂಗಿನ ಮರದ ತುದಿಗೆ ಟ್ಯಾಂಕಿ ಕಟ್ಟಿದ ಹಾಗೆ. ಕದ್ರಿಯಲ್ಲೋ ಬಿಜೈಯಲ್ಲೋ ಹತ್ತು ಮಹಡಿಯ ಫ್ಲ್ಯಾಟಿನಲ್ಲಿ ಮೂರನೇ ಮಹಡಿಯವರಿಗೆ ಈ ತೊಂದರೆ ಬರುವುದಿಲ್ಲ, ಅವರ ತಲೆಯ ಮೇಲೆ ಏಳು ಮಹಡಿಯಷ್ಟು ನೀರಿನ ಕಂಬ ನಿಂತಿದೆ. ಅದೇ ಕಟ್ಟಡದ ಹತ್ತನೇ ಮಹಡಿಯವರು, ಒತ್ತಡದ ಪಂಪು ಇಲ್ಲದಿದ್ದರೆ, ನಮ್ಮ ಹಾಗೆಯೇ.

ಗೋಡೆಗೆ ತೂಗುಹಾಕಿದ ಆರ್‌ಒ ಯಂತ್ರದಿಂದ ಫ್ರಿಡ್ಜಿಗೆ ಪೈಪು ಎಳೆಯುವವರು ಬಹಳ ಜನ ಇದ್ದಾರೆ. ನೀರು ಶುದ್ಧ, ಅದು ಸರಿ. ಆದರೆ ಆ ಯಂತ್ರದ ಟ್ಯಾಂಕು ಬರೇ ತುಂಬಿಟ್ಟುಕೊಳ್ಳುವ ಡಬ್ಬಿ, ನೂಕುವ ಶಕ್ತಿ ಅದಕ್ಕಿಲ್ಲ. ನೆಲದಿಂದ ಒಂದೂವರೆ ಮೀಟರ್ ಎತ್ತರದ ಒತ್ತಡ ಏನಿದೆಯೋ ಅಷ್ಟೇ ಸಿಗುತ್ತದೆ.

ಒತ್ತಡ ಕಡಿಮೆಯಾದರೆ ನೀರು ಕಡಿಮೆ ಬರುತ್ತದೆ, ಐಸಿನ ತುಂಡು ಸಣ್ಣದಾಗುತ್ತದೆ, ಇಷ್ಟು ಎಲ್ಲರಿಗೂ ಹೊಳೆಯುತ್ತದೆ. ಆ ಮೊಗ್ಗಿನ ಗುಟ್ಟು ಬೇರೆಯೇ. ಈ ವಾಲ್ವಿನೊಳಗೆ ರಬ್ಬರಿನ ಒಂದು ತೆಳು ಹಾಳೆ ಇದೆ. ಕರೆಂಟು ನಿಂತಾಗ ಸ್ಪ್ರಿಂಗು ಮಾಡುವುದು ಒಂದು ಸೂಜಿಗಣ್ಣಿನಷ್ಟು ರಂಧ್ರವನ್ನು ಮುಚ್ಚುವ ಕೆಲಸ ಮಾತ್ರ. ರಬ್ಬರನ್ನು ಒತ್ತಿ ದಾರಿಯನ್ನು ಪೂರ್ತಿ ಮುಚ್ಚುವುದು ಬರುವ ನೀರಿನ ಒತ್ತಡವೇ. ಒತ್ತಡ ಸಾಲದಿದ್ದರೆ ರಬ್ಬರು ಸರಿಯಾಗಿ ಕೂರುವುದಿಲ್ಲ. ಒಂದೊಂದೇ ಹನಿ ಸೋರುತ್ತದೆ. ಆ ಹನಿ ಮೇಲೇರಿ, ಮೈನಸ್ 18 ಡಿಗ್ರಿಯ ಫ್ರೀಜರಿನೊಳಗೆ ಪೈಪಿನ ಬಾಯಿಗೆ ಬಂದು, ಬೀಳುವ ಮೊದಲೇ ಹೆಪ್ಪುಗಟ್ಟುತ್ತದೆ. ಅದರ ಮೇಲೆ ಇನ್ನೊಂದು ಹನಿ. ಎರಡು ಮೂರು ದಿನದಲ್ಲಿ ಪೈಪು ಕಟ್ಟುತ್ತದೆ. ನಾವು ಕರಗಿಸುತ್ತಾ ಇದ್ದದ್ದು ಕೊನೆಯ ಹನಿಯನ್ನು, ಕಾಯಿಲೆ ಇದ್ದದ್ದು ಐದು ಅಡಿ ಕೆಳಗೆ. ಹೊಸ ಐಸ್ ಮೇಕರ್ ತಂದು ಹಾಕಿದ್ದರೂ ಮೂರನೆಯ ದಿನ ಅದರ ಬಾಯಲ್ಲೂ ಅದೇ ಮೊಗ್ಗು ಇರುತ್ತಿತ್ತು.

ನೋಡುವ ಕ್ರಮ ಹೀಗೆ. ಪ್ಲಗ್ಗು ಕಿತ್ತು, ನೀರಿನ ಕಾಕು ಮುಚ್ಚಿ, ಫ್ರಿಡ್ಜನ್ನು ಮುಂದಕ್ಕೆ ಎಳೆಯಿರಿ. ಹಿಂದೆ ಬರುವ ಕಾಲು ಇಂಚಿನ ಪೈಪು ಗೋಡೆಗೂ ಫ್ರಿಡ್ಜಿಗೂ ನಡುವೆ ಸಿಕ್ಕಿ ಮಡಚಿದೆಯೇ, ಇಲಿ ಕಡಿದಿದೆಯೇ ಎಂದು ಮೊದಲು ನೋಡಿ. ಆಮೇಲೆ ಪೈಪನ್ನು ವಾಲ್ವಿನಿಂದ ಬಿಡಿಸಿ, ಬಕೆಟಿಗೆ ಹಿಡಿದು ಕಾಕು ತೆರೆಯಿರಿ. ಏಳೂವರೆ ಸೆಕೆಂಡಿಗೆ 140 ಮಿಲಿ ಎಂಬ ಲೆಕ್ಕ ಹಿಡಿದರೆ, ಇನ್ನೂರು ಮಿಲಿಯ ಒಂದು ಲೋಟ ಹತ್ತು ಹನ್ನೊಂದು ಸೆಕೆಂಡಿನೊಳಗೆ ತುಂಬಲೇಬೇಕು. ನಮ್ಮಲ್ಲಿ ಅರ್ಧ ನಿಮಿಷ ಬೇಕಾಯಿತು.

ಪೈಪು ಬಿಡಿಸಿದಾಗ ವಾಲ್ವಿನ ಬಾಯೊಳಗೆ ಒಂದು ಚಿಕ್ಕ ಬಲೆ ಕಾಣುತ್ತದೆ. ತೆಳು ಮೂತಿಯ ಇಕ್ಕಳದಲ್ಲಿ ಮೆತ್ತಗೆ ಹಿಡಿದು ತೆಗೆದೆ. ನಮ್ಮದು ಮುರಕಲ್ಲಿನ ನೆಲದ ಬಾವಿ. ಬಲೆಯ ಮೇಲೆ ಕುಂಕುಮ ಕಲಸಿಟ್ಟ ಹಾಗೆ ಕೆಂಪು ಕೆಸರು, ನುಣ್ಣಗೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ ತೊಳೆದಾಗ ಬಿಳಿ ಬಣ್ಣ ಬಂತು. ಬೇಸಿಗೆಯಲ್ಲಿ ನೀರು ತಳ ಮುಟ್ಟಿದಾಗ ಸಂಪಿನ, ಟ್ಯಾಂಕಿಯ ಕೆಸರು ಪೈಪಿಗೆ ಏಳುತ್ತದೆ. ಏಪ್ರಿಲ್, ಮೇಯಲ್ಲಿ ಐಸ್ ಮೇಕರ್ ಕೈಕೊಡುವುದಕ್ಕೆ ಅದೂ ಒಂದು ಕಾರಣ. ಫ್ರಿಡ್ಜಿನ ಫಿಲ್ಟರನ್ನು ಆರು ತಿಂಗಳಿಗೊಮ್ಮೆ ಬದಲಾಯಿಸಲು ಹೇಳುತ್ತಾರೆ. ನಮ್ಮ ಕೆಂಪು ನೀರಿಗೆ ಅಷ್ಟು ದಿನವೂ ಬಾಳುವುದಿಲ್ಲ. ಅದಕ್ಕಿಂತ ಮೊದಲು, ಹೊರಗೆ, ಒಂದು ಅಗ್ಗದ ಕೆಸರು ಹಿಡಿಯುವ ಫಿಲ್ಟರ್ ಹಾಕುವುದು ಒಳ್ಳೆಯದು.

ಆದರೆ ಬಲೆ ಇರುವುದು ವಾಲ್ವಿನೊಳಗೆ, ಅದನ್ನು ತೊಳೆದರೂ ಪೈಪಿನಿಂದ ಬರುವ ನೀರು ಅಷ್ಟೇ, ಲೋಟಕ್ಕೆ ಅದೇ ಅರ್ಧ ನಿಮಿಷ. ಉಳಿದದ್ದು ಒಂದೇ ದಾರಿ, ಒತ್ತಡ ಹೆಚ್ಚಿಸುವ ಸಣ್ಣ ಪಂಪು. ವಾಲ್ವ್ ತೆರೆದಾಗ ತಾನೇ ಶುರುವಾಗಿ, ಮುಚ್ಚಿದಾಗ ತಾನೇ ನಿಲ್ಲುವ ಪ್ರೆಶರ್ ಸ್ವಿಚ್ ಇರುವಂಥದ್ದನ್ನೇ ತೆಗೆದುಕೊಳ್ಳಿ. ಫಿಟ್ ಮಾಡುವ ಪ್ಲಂಬರಿಗೆ ಫ್ರಿಡ್ಜಿನ ಪುಸ್ತಕದಲ್ಲಿರುವ ಕನಿಷ್ಠ, ಗರಿಷ್ಠ ಎರಡೂ ಅಂಕಿ ತೋರಿಸಿ. ನಮ್ಮಲ್ಲಿ ಪಂಪು ಹಾಕಿದ ಮೇಲೆ ಮೊಗ್ಗು ಮತ್ತೆ ಬಂದಿಲ್ಲ.

ಕಟ್ಟಿದ ಪೈಪನ್ನು ಕರಗಿಸುವುದು

ಇಲ್ಲಿ ಅವಸರ ಮಾಡಬೇಡಿ. ಚೂರಿ, ಸ್ಕ್ರೂ ಡ್ರೈವರ್ ಹಾಕಿ ಐಸು ಕುಟ್ಟಲೇಬಾರದು. ಫ್ರೀಜರಿನ ಗೋಡೆಯ ಹಿಂದೆ ತಂಪು ಮಾಡುವ ಗ್ಯಾಸಿನ ಕೊಳವೆ ಹಾದುಹೋಗಿರುತ್ತದೆ. ಒಂದು ತೂತು ಬಿದ್ದರೆ ಫ್ರಿಡ್ಜಿನ ಕತೆಯೇ ಮುಗಿಯಿತು. ಈಗಿನ ಹೆಚ್ಚಿನ ಫ್ರಿಡ್ಜ್‌ಗಳಲ್ಲಿರುವುದು ಆರ್-600ಎ, ಅಂದರೆ ಐಸೋಬ್ಯೂಟೇನ್, ಅಡಿಗೆ ಗ್ಯಾಸಿನ ಹಾಗೆ ಹೊತ್ತಿಕೊಳ್ಳುವಂಥದ್ದು. ಹಾಗಾಗಿ ಮೇಣದಬತ್ತಿ, ಲೈಟರ್, ಬಿಸಿಗಾಳಿಯ ಗನ್ ಯಾವುದೂ ಬೇಡ. ಪ್ಲಗ್ಗು ಕಿತ್ತು, ಅಚ್ಚಿನ ಕೆಳಗೆ ಒಂದು ಬೈರಾಸು ಹಾಸಿ, ಸೂಜಿಯಿಲ್ಲದ ದೊಡ್ಡ ಸಿರಿಂಜಿನಲ್ಲಿ ಬಿಸಿನೀರು ತೆಗೆದುಕೊಂಡು ಪೈಪಿನ ಬಾಯಿಗೆ ಸ್ವಲ್ಪ ಸ್ವಲ್ಪವೇ ಬಿಡಿ. ಸ್ನಾನಕ್ಕೆ ಬೇಕಾದಷ್ಟು ಬಿಸಿ ಸಾಕು. ಹತ್ತು ನಿಮಿಷದಲ್ಲಿ ಮೊಗ್ಗು ಸಡಿಲಾಗಿ ಟಪ್ಪನೆ ಅಚ್ಚಿಗೆ ಬೀಳುತ್ತದೆ. ಬಿದ್ದ ನೀರನ್ನೆಲ್ಲ ಒರೆಸಿ ತೆಗೆಯಿರಿ, ಇಲ್ಲದಿದ್ದರೆ ಮೋಟಾರಿನ ಹಲ್ಲುಗಳ ನಡುವೆ ಅದೇ ಐಸಾಗಿ ಹೊಸ ತಲೆನೋವು.

ಬಾಗಿಲಿನೊಳಗೆ ಟ್ಯಾಂಕು ಇರುವ ಫ್ರಿಡ್ಜ್‌ಗಳು

ನೀರಿನ ಪೈಪೇ ಬೇಡದ, ಕೈಯಲ್ಲಿ ನೀರು ತುಂಬುವ ಟ್ಯಾಂಕಿನ ಮಾದರಿಗಳು ಈಗ ಹೆಚ್ಚು ಮಾರಾಟವಾಗುತ್ತವೆ. ನಮ್ಮ ಊರಿನ ನೀರಿನ ವ್ಯವಸ್ಥೆಗೆ ಅದೇ ಸರಿ ಎಂದು ನನಗನಿಸುತ್ತದೆ. ಹೊಸ ಫ್ರಿಡ್ಜ್ ಕೊಳ್ಳುವವರು ಕೇಳಿದರೆ ಅದನ್ನೇ ಹೇಳುತ್ತೇನೆ. ಅಲ್ಲಿ ಒಂದು ಪುಟ್ಟ ಪಂಪು ನೀರನ್ನು ಮೇಲೆ ಕಳಿಸುತ್ತದೆ, ತಾರಸಿಯ ಟ್ಯಾಂಕಿಗೆ ಸಂಬಂಧವಿಲ್ಲ. ತೊಂದರೆ ಬರುವುದು ಹೆಚ್ಚಾಗಿ ಟ್ಯಾಂಕು ಪೂರ್ತಿ ಒಳಗೆ ಕೂರದೆ ಇದ್ದಾಗ. ತೊಳೆದು ವಾಪಸು ಇಡುವಾಗ ಅದು ಟಕ್ ಎಂದು ಕೂತ ಶಬ್ದ ಕೇಳಬೇಕು. ಒಳಗೆ ಲೋಳೆ ಕಟ್ಟಿದರೆ ಪಂಪಿನ ಬಾಯಿಯೂ ಕಟ್ಟುತ್ತದೆ, ಹಾಗಾಗಿ ವಾರಕ್ಕೊಮ್ಮೆ ತೊಳೆಯುವುದನ್ನು ತಪ್ಪಿಸಬೇಡಿ.

ಈ ಮಾದರಿಗಳಲ್ಲಿ ಐಸ್ ಮೇಕರಿನ ಪಕ್ಕದಲ್ಲೋ ಅಡಿಯಲ್ಲೋ ಒಂದು ಟೆಸ್ಟ್ ಬಟನ್ ಇರುತ್ತದೆ. ಪೆಟ್ಟಿಗೆ ತೆಗೆದು, ಬಟನನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಿರಿ. ಟ್ರೇ ತಿರುಗಿ, ತಿರುಚಿ, ವಾಪಸು ಬಂದು, ನೀರು ಬಿದ್ದರೆ ಮೋಟಾರೂ ಪಂಪೂ ಸರಿ ಇವೆ. ಟ್ರೇ ತಿರುಗಿತು, ನೀರು ಬೀಳಲಿಲ್ಲ ಅಂದರೆ ಟ್ಯಾಂಕು, ಪಂಪು, ಪೈಪು. ಟ್ರೇಯೇ ಅಲುಗಲಿಲ್ಲ ಅಂದರೆ ಮೋಟಾರು ಅಥವಾ ಅದರ ವೈರಿನ ಕನೆಕ್ಷನ್. ಎರಡೂ ಸರಿ ಇದ್ದು ತಾನಾಗಿ ಮಾತ್ರ ಐಸು ಬೀಳದಿದ್ದರೆ ಟ್ರೇಯಡಿಯ ಸೆನ್ಸರಿನ ಮೇಲೆ ಅನುಮಾನ. ಹಳೆಯ ಟ್ರೇಯಲ್ಲಿ ಕೂದಲೆಳೆಯಂಥ ಬಿರುಕು ಬಿದ್ದಿದ್ದರೆ ಐಸು ಅದರೊಳಗೆ ಕಚ್ಚಿ ಹಿಡಿಯುತ್ತದೆ. ಒಂದು ತುಂಡು ಉಳಿದುಕೊಂಡ ಗುಳಿಗೆ ಮತ್ತೆ ನೀರು ಬಿದ್ದು, ತುಳುಕಿ, ಪೆಟ್ಟಿಗೆಯಲ್ಲಿರುವುದೆಲ್ಲ ಒಂದೇ ಗಡ್ಡೆ.

ಗಲ್ಫಿನಿಂದ ತಂದ ಫ್ರಿಡ್ಜಿಗೆ ಸಂಬಂಧಿಸಿ ಇನ್ನೊಂದು ಮಾತು. ದುಬೈಯ ಕರೆಂಟು ನಮ್ಮ ಹಾಗೆಯೇ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಡುವಂಥದ್ದು. ಸೌದಿಯದು 60. ಕೆಲವು ಹಳೆಯ ಮಾದರಿಗಳಲ್ಲಿ ನೀರು ಎಷ್ಟು ಹೊತ್ತು ಬೀಳಬೇಕು ಎನ್ನುವುದು ಮೋಟಾರು ತಿರುಗುವ ವೇಗದ ಮೇಲೆ ನಿಂತಿದೆ, ಆ ವೇಗ ಹರ್ಟ್ಸಿನ ಮೇಲೆ. 60ಕ್ಕೆ ಮಾಡಿದ ಮೋಟಾರು ಇಲ್ಲಿ ನಿಧಾನವಾಗಿ ತಿರುಗಿ ಏಳೂವರೆ ಸೆಕೆಂಡು ಒಂಬತ್ತಾಗುತ್ತದೆ, ಒತ್ತಡ ಸರಿ ಇದ್ದರೆ ಅಚ್ಚು ತುಂಬಿ ಚೆಲ್ಲುತ್ತದೆ. ವೋಲ್ಟೇಜು ಬದಲಿಸುವ ಟ್ರಾನ್ಸ್‌ಫಾರ್ಮರ್ ಹಾಕಿದರೂ ಹರ್ಟ್ಸ್ ಬದಲಾಗುವುದಿಲ್ಲ. ಹಲವು ಐಸ್ ಮೇಕರುಗಳಲ್ಲಿ ನೀರಿನ ಪ್ರಮಾಣ ತಿದ್ದುವ ಒಂದು ಸಣ್ಣ ಸ್ಕ್ರೂ ಇರುತ್ತದೆ. ಕಡಿಮೆ ಮಾಡುವ ಕಡೆಗೆ ಸ್ವಲ್ಪ ತಿರುಗಿಸಿ ನೋಡಬಹುದು.

ಚಳಿ, ಬಾಗಿಲು, ಮಳೆಗಾಲ

ಅಚ್ಚಿನಲ್ಲಿ ನೀರಿದೆ, ಐಸಾಗುತ್ತಿಲ್ಲ ಅಂದರೆ ಥರ್ಮಾಮೀಟರನ್ನು ಫ್ರೀಜರಿನ ಪೊಟ್ಟಣಗಳ ನಡುವೆ ಒಂದು ರಾತ್ರಿ ಇಡಿ. ಮೈನಸ್ 18ರ ಹತ್ತಿರ ಇರಬೇಕು. ಮೈನಸ್ 10, 12ರಲ್ಲೂ ನೀರು ಐಸಾಗುತ್ತದಲ್ಲ ಎಂದರೆ ಆಗುತ್ತದೆ ನಿಜ. ಆದರೆ ಮೈನಸ್ 9ಕ್ಕೆ ಕಾಯುವ ಥರ್ಮೋಸ್ಟಾಟಿಗೆ ಸುತ್ತಲಿನ ಗಾಳಿಯೇ ಮೈನಸ್ 11 ಇದ್ದರೆ ಅಲ್ಲಿಗೆ ಮುಟ್ಟಲು ಗಂಟೆಗಟ್ಟಲೆ ಬೇಕು, ದಿನಕ್ಕೆ ಒಂದೆರಡು ಸಲ ಐಸು ಬಿದ್ದರೆ ಹೆಚ್ಚು. ಥರ್ಮಾಮೀಟರ್ ಇಲ್ಲದಿದ್ದರೆ ಐಸ್‌ಕ್ರೀಮಿನ ಡಬ್ಬಿ ತೆಗೆದು ಚಮಚ ಇಳಿಸಿ ನೋಡಿ. ಬೆಣ್ಣೆಯ ಹಾಗೆ ಇಳಿದರೆ ತೊಂದರೆ ಐಸ್ ಮೇಕರಿನದ್ದಲ್ಲ.

ಕರಾವಳಿಯ ಮಳೆಗಾಲದಲ್ಲಿ ಮನೆಯೊಳಗಿನ ಗಾಳಿಯೇ ಒದ್ದೆ. ಬಾಗಿಲಿನ ರಬ್ಬರ್ ಎಲ್ಲಾದರೂ ಸಡಿಲಿದ್ದರೆ ಆ ತೇವ ಒಳಗೆ ಹೋಗಿ ಹಿಮದ ಪುಡಿಯಾಗಿ ಕೂರುತ್ತದೆ. ಒಂದು ನೋಟನ್ನು ಬಾಗಿಲಿನ ನಡುವೆ ಇಟ್ಟು ಮುಚ್ಚಿ ಎಳೆಯಿರಿ, ಸುತ್ತಲೂ ಹೀಗೆ ಮಾಡಿ. ಸಲೀಸಾಗಿ ಬಂದ ಜಾಗದಲ್ಲಿ ರಬ್ಬರನ್ನು ಸೋಪು ನೀರಿನಲ್ಲಿ ಒರೆಸಿ, ಆಗಲೂ ಬಂದರೆ ಬದಲಾಯಿಸಿ. ಕಡಲ ಗಾಳಿಯ ಉಪ್ಪು ವೈರಿನ ಕನೆಕ್ಟರುಗಳನ್ನೂ ಬಿಡುವುದಿಲ್ಲ. ಹಿಂದಿನ ವಾಲ್ವಿನ ಕನೆಕ್ಟರ್ ಬಿಚ್ಚಿದಾಗ ಹಸಿರು ಪುಡಿ ಕಂಡರೆ ಒರೆಸಿ ಮತ್ತೆ ಬಿಗಿಯಾಗಿ ಕೂರಿಸಿ. ಎಷ್ಟೋ ಸಲ ಅಷ್ಟರಲ್ಲೇ ಜೀವ ಬರುತ್ತದೆ. ಮಲ್ಟಿಮೀಟರ್ ಇರುವವರು ಪ್ಲಗ್ಗು ಕಿತ್ತ ಮೇಲೆ ವಾಲ್ವಿನ ಕಾಯಿಲ್‌ನ ಎರಡು ಕಾಲುಗಳ ನಡುವೆ ಓಮ್ ಅಳೆದು ನೋಡಬಹುದು. ಏನಾದರೂ ಒಂದು ಅಂಕಿ ಬಂದರೆ ಕಾಯಿಲ್ ತುಂಡಾಗಿಲ್ಲ, ಓಪನ್ ಅಂತ ತೋರಿಸಿದರೆ ಸುಟ್ಟಿದೆ, ವಾಲ್ವ್ ಬದಲಾಯಿಸಬೇಕು. ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಈ ಕೆಲಸ ಬೇಡವೇ ಬೇಡ.

ತಂತಿಯ ಕೈಯನ್ನು ನೋಡಲು ಮರೆಯಬೇಡಿ. ಮೀನಿನ ಪೊಟ್ಟಣ ಒಳಗೆ ತುರುಕುವಾಗ ಯಾರದೋ ಕೈ ತಾಗಿ ಅದು ಮೇಲೆ ಹೋಗಿದ್ದರೆ ಯಂತ್ರ ಪೆಟ್ಟಿಗೆ ತುಂಬಿದೆ ಎಂದೇ ತಿಳಿಯುತ್ತದೆ.

ಕಂಪ್ರೆಸರ್, ಗ್ಯಾಸು, ಕಂಟ್ರೋಲ್ ಬೋರ್ಡು, ಈ ಮೂರಕ್ಕೆ ಮಾತ್ರ ಗೊತ್ತಿರುವವರನ್ನೇ ಕರೆಯಿರಿ. ಕರೆದಾಗ ಅಚ್ಚಿನಲ್ಲಿ ಏನು ಕಂಡಿತು, ಲೋಟ ಎಷ್ಟು ಸೆಕೆಂಡಿನಲ್ಲಿ ತುಂಬಿತು, ಫ್ರೀಜರಿನಲ್ಲಿ ಎಷ್ಟು ಡಿಗ್ರಿ ಎಂದು ಮೊದಲೇ ಹೇಳಿ. ಇಡೀ ಸೆಟ್ಟು ಹೋಗಿದೆ ಎಂಬ ಮಾತಿಗೆ ಆಗ ಕಾರಣ ಕೇಳಬಹುದು.

ಎಲ್ಲ ಸರಿ ಮಾಡಿದ ಮೇಲೆ ಒಂದು ದಿನ ಪೂರ್ತಿ ಬಿಡಿ. ಮೊದಲ ಎರಡು ಮೂರು ಸಲದ ಐಸನ್ನು ಸಿಂಕಿಗೆ ಸುರಿಯಿರಿ, ಪೈಪಿನಲ್ಲಿ ಅಲುಗಾಡಿದ ಕೆಸರೆಲ್ಲ ಅದರಲ್ಲಿರುತ್ತದೆ. ಆಮೇಲೂ ಐಸಿಗೆ ವಾಸನೆ ಇದ್ದರೆ ಫಿಲ್ಟರನ್ನು ದೂರಬೇಡಿ. ಐಸು ಸುತ್ತಲಿನ ಗಾಳಿಯ ವಾಸನೆ ಹೀರುತ್ತದೆ, ತೆಳು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟ ಬಂಗುಡೆ ಪಕ್ಕದಲ್ಲಿದ್ದರೆ ಪುನರ್ಪುಳಿ ಶರಬತ್ತಿನಲ್ಲೂ ಬಂಗುಡೆಯೇ. ಅಮ್ಮ ಈಗ ಮೀನನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಹಾಕಿ, ಕೆಳಗಿನ ಖಾನೆಗೆ ಇಳಿಸಿದ್ದಾರೆ.